ಹನ್ನೆರಡು ದಿಕ್ಕಿನ ಗಾಳಿ, ಒಂದು ಎರೆ ಹೊಲ

ಮುಂಡರಗಿ ಕಡೆಯ ಜಾಗವೊಂದರಲ್ಲಿ ಹದಿನಾಲ್ಕು ಗಾಳಿಯಂತ್ರಗಳನ್ನು ಎಲ್ಲೆಲ್ಲಿ ನಿಲ್ಲಿಸಬೇಕು ಎಂಬ ಲೆಕ್ಕ ಹುಬ್ಬಳ್ಳಿಯ ನನ್ನ ಮೇಜಿಗೆ ಬಂದಾಗ, ನಮ್ಮ ಹಿರಿಯರೊಬ್ಬರು ಆಗಲೇ ಪೆನ್ಸಿಲ್‌ನಲ್ಲಿ ನಕ್ಷೆ ಹಾಕಿಟ್ಟಿದ್ದರು. ಪಡುವಣ ಗಾಳಿಗೆ ಅಡ್ಡಲಾಗಿ ಎರಡು ನೇರ ಸಾಲು, ಅಷ್ಟೇ. ಮುಂಗಾರಿನ ತಿಂಗಳುಗಳಲ್ಲಿ ಕಪ್ಪತಗುಡ್ಡದ ಸುತ್ತ ಗಾಳಿ ಬೀಸುವುದನ್ನು ಕಂಡ ಯಾರಿಗೂ ಅದು ತಪ್ಪೆನಿಸುವುದಿಲ್ಲ. ನನಗೂ ಅನಿಸಲಿಲ್ಲ. ಆದರೂ ಜೆನೆಟಿಕ್ ಅಲ್ಗಾರಿದಮ್, ಅಂದರೆ ಹಲವು ನಕ್ಷೆಗಳನ್ನು ಬೆರೆಸಿ, ಬದಲಿಸಿ, ಒಳ್ಳೆಯವನ್ನೇ ಪೀಳಿಗೆಯಿಂದ ಪೀಳಿಗೆಗೆ ಉಳಿಸಿಕೊಳ್ಳುವ ಪ್ರೋಗ್ರಾಂ ಬರೆದು ಆ ಪೆನ್ಸಿಲ್ ನಕ್ಷೆಯನ್ನು ಸೋಲಿಸುವ ಚಪಲ ಬಿಡಲಿಲ್ಲ.

ಮೊದಲು ಹಳೆಯ ಲೆಕ್ಕವೊಂದರ ಮೇಲೆ ಕೈ ಪಳಗಿಸಿಕೊಂಡೆ. 1994ರಲ್ಲಿ ಮೊಸೆಟ್ಟಿ ಮತ್ತು ಸಂಗಡಿಗರೆಂಬ ಸಂಶೋಧಕರು ಇದೇ ವಿಧಾನದಲ್ಲಿ 2 ಕಿ.ಮೀ. ಚೌಕವನ್ನು ಚದುರಂಗದ ಹಲಗೆಯಂತೆ 200 ಮೀಟರಿನ ನೂರು ಮನೆಗಳಾಗಿ ಹಂಚಿ, ಲೆಕ್ಕದಲ್ಲೇ ಒಂದೇ ದಿಕ್ಕಿನಿಂದ ಸೆಕೆಂಡಿಗೆ 12 ಮೀಟರ್ ಗಾಳಿ ಬೀಸಿಸಿದರು. ಅವರಿಗೆ ಸಿಕ್ಕ ಉತ್ತರ 26 ಯಂತ್ರ. 2005ರಲ್ಲಿ ಗ್ರೇಡಿ ಮತ್ತು ಸಂಗಡಿಗರು ಅದೇ ಲೆಕ್ಕದಲ್ಲಿ 30 ಯಂತ್ರಗಳಿಂದ 14,310 ಕಿಲೋವ್ಯಾಟ್ ತೆಗೆದರು. ಯಂತ್ರದ ಬೆನ್ನಿಗೆ ಸೊರಗುವ ಗಾಳಿಯನ್ನು ನಾನು ಗಾಳಿಯ ನೆರಳು ಎನ್ನುತ್ತೇನೆ. ಈ ಲೆಕ್ಕದಲ್ಲಿ ನೇರ ಹಿಂದೆ 200 ಮೀಟರಿಗೆ ನಿಂತ ಯಂತ್ರಕ್ಕೆ ದಕ್ಕುವ ವೇಗ 12ರ ಬದಲು ಸುಮಾರು 9.2. ವಿದ್ಯುತ್ತು ವೇಗದ ಘನಕ್ಕೆ ತಕ್ಕಂತೆ ಇಳಿಯುವುದರಿಂದ ಆ ಯಂತ್ರದ 518 ಕಿಲೋವ್ಯಾಟ್ 235ಕ್ಕೆ ಕುಸಿಯುತ್ತದೆ. ನನ್ನ ಪ್ರೋಗ್ರಾಂ ಆ 30 ಯಂತ್ರಗಳ ಉತ್ತರವನ್ನು ಮುಟ್ಟಲು ಮೂರು ದಿನ ಹಿಡಿಯಿತು. ಹಲವು ನೆರಳುಗಳು ಒಂದರ ಮೇಲೊಂದು ಬಿದ್ದಾಗ ವೇಗದ ಕೊರತೆಗಳ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆಯಬೇಕು; ನಾನು ಕೊರತೆಗಳನ್ನೇ ನೇರವಾಗಿ ಕೂಡಿಸಿದ್ದೆ.

ನಮ್ಮ ಜಾಗ ಚೌಕವಲ್ಲ, ಹೊಲಗಳ ಬದುಗಳಂತೆ ಅಂಕುಡೊಂಕು. ಹಾಗಾಗಿ ಮನೆಗಳನ್ನು ಬಿಟ್ಟು ಪ್ರತಿ ಯಂತ್ರಕ್ಕೂ ನೇರ ನಿರ್ದೇಶಾಂಕಗಳನ್ನೇ ಕೊಟ್ಟೆ. ಎರಡು ನಕ್ಷೆಗಳನ್ನು ಬೆರೆಸುವಾಗ ಅಂಕಿಗಳ ಸಾಲನ್ನು ಎಲ್ಲೋ ತುಂಡರಿಸುವ ಬದಲು ಭೂಮಿಗೇ ಒಂದು ಗೆರೆ ಎಳೆದು, ಗೆರೆಯ ಆಚೆಯದನ್ನು ಒಂದು ನಕ್ಷೆಯಿಂದ, ಈಚೆಯದನ್ನು ಇನ್ನೊಂದರಿಂದ ತೆಗೆದುಕೊಂಡೆ. ಹೊಂದಿಕೊಂಡು ನಿಂತ ನಾಲ್ಕಾರು ಯಂತ್ರಗಳ ಗುಂಪು ಆಗ ಚದುರದೆ ಮುಂದಿನ ಪೀಳಿಗೆಗೆ ಹೋಗುತ್ತದೆ. ಇಡೀ ಕೆಲಸದಲ್ಲಿ ನನಗೆ ಹೆಮ್ಮೆ ಇರುವುದು ಇದೊಂದರ ಮೇಲೆ.

ಫಲಿತಾಂಶ ಬಂದಾಗ ಪೆನ್ಸಿಲ್ ನಕ್ಷೆ ಸೋತಿತ್ತು. ಎಷ್ಟು ಸುಲಭವಾಗಿ ಸೋತಿತ್ತೆಂದರೆ ನನಗೇ ಅನುಮಾನ ಬಂತು. ಕಾಗದದ ಮೇಲೆ ಮುದ್ರಿಸಿ, ಮಗಳ ಕಂಪಾಸು ಪೆಟ್ಟಿಗೆಯಿಂದ ಕೋನಮಾಪಕ ತಂದು ಅಳೆದೆ. ಹತ್ತಿರದ ಯಂತ್ರಗಳನ್ನು ಜೋಡಿಸುವ ಗೆರೆಗಳು ಬಹುತೇಕ ಎಲ್ಲವೂ 255, 285, 225 ಡಿಗ್ರಿಯ ಆಸುಪಾಸಿನಲ್ಲೇ ಇದ್ದವು (ಬಡಗಣದಿಂದ ಅಳೆದರೆ ನೇರ ಪಡುವಣ 270). ಗುಟ್ಟು ಅಲ್ಲಿತ್ತು. ನಾನು ಗಾಳಿಯನ್ನು ಹನ್ನೆರಡು ದಿಕ್ಕುಗಳಲ್ಲಿ, 30 ಡಿಗ್ರಿಗೊಂದರಂತೆ ಕೊಟ್ಟಿದ್ದೆ. ಪ್ರೋಗ್ರಾಂ ಯಂತ್ರಗಳನ್ನು ಎರಡು ದಿಕ್ಕುಗಳ ನಟ್ಟನಡುವೆ ಅಡಗಿಸಿಟ್ಟು, ಎಲ್ಲಿಯೂ ನೆರಳೇ ಬೀಳದಂತೆ ನೋಡಿಕೊಂಡಿತ್ತು! ನಿಜವಾದ ಗಾಳಿಗೆ ಅಂಥ ಸಂದು ಇರುವುದಿಲ್ಲ. ಅದೇ ನಕ್ಷೆಯನ್ನು 5 ಡಿಗ್ರಿಗೊಂದರಂತೆ ತೂಗಿದಾಗ ಅದು ಪೆನ್ಸಿಲ್ ನಕ್ಷೆಗಿಂತ ಕೆಳಗಿಳಿಯಿತು. ಅತ್ತ ಹನ್ನೆರಡು ದಿಕ್ಕಿನ ಲೆಕ್ಕದಲ್ಲಿ ಪಡುವಣದ ಆಸುಪಾಸಿನ ಗಾಳಿಯೆಲ್ಲ ಸರಿಯಾಗಿ 270ರಲ್ಲೇ ಬೀಸಿದಂತಾಗಿ, ಪೆನ್ಸಿಲ್ ಸಾಲುಗಳಿಗೆ ಏಟು ಬಿದ್ದು ಅನ್ಯಾಯವೇ ಆಗಿತ್ತು. ಅಂದಿನಿಂದ ನಕ್ಷೆಗಳನ್ನು 5 ಡಿಗ್ರಿಯಲ್ಲಿ ಬೆಳೆಸುತ್ತೇನೆ, ಕೊನೆಯ ತೀರ್ಪನ್ನು 1 ಡಿಗ್ರಿಯಲ್ಲಿ ಕೊಡುತ್ತೇನೆ.

ಸರಿಪಡಿಸಿದ ಮೇಲೆ ಬೇರೆ ಬೇರೆ ಆರಂಭಗಳಿಂದ ಹತ್ತು ಸಲ ಓಡಿಸಿದೆ. ಹತ್ತು ನಕ್ಷೆಗಳೂ ನೋಡಲು ಬೇರೆ, ಅಂಕಗಳು ಮಾತ್ರ ಕೂದಲೆಳೆಯ ಅಂತರದಲ್ಲಿ. ಮೊದಲಿಗೆ ಬೇಸರವಾಯಿತು. ಆಮೇಲೆ ಆಯ್ಕೆಗೆ ಇಷ್ಟು ಅವಕಾಶವಿದೆಯಲ್ಲ ಎಂದು ಹಿಗ್ಗಿದೆ.

ಒಂದು ನಕ್ಷೆ ಹಿಡಿದು ಜಾಗ ನೋಡಲು ಹೋದೆವು. ದಾರಿ ತೋರಿಸಲು ಬಂದ ಹಿರಿಯ ರೈತರು ಮೂಲೆಯ ಗುರುತನ್ನು ನೋಡಿ, "ಸಾಹೇಬರೇ, ಮಳೆಗಾಲದಲ್ಲಿ ಈ ಎರೆಗೆ ಚಕ್ಕಡಿಯೇ ಇಳಿಯುವುದಿಲ್ಲ. ನಿಮ್ಮ ಕ್ರೇನು ಇಳಿಯುತ್ತದೆಯೇ?" ಎಂದರು. ನಡುವೆ ಹಳ್ಳ ಬೇರೆ. ಮರಳಿ ಬಂದು ರಸ್ತೆ, ಕೇಬಲ್ಲುಗಳ ಉದ್ದವನ್ನು ಲೆಕ್ಕಕ್ಕೆ ಸೇರಿಸಿದೆ. ಹತ್ತರಲ್ಲಿ ಏಳು ನಕ್ಷೆಗಳು ಅಲ್ಲಿಯೇ ಬಿದ್ದುಹೋದವು.

ಉಳಿದವುಗಳಲ್ಲಿ ಆರಿಸಿದ್ದನ್ನು ಪೆನ್ಸಿಲ್ ನಕ್ಷೆ ಹಾಕಿದ್ದ ನಮ್ಮ ಹಿರಿಯರ ಮುಂದಿಟ್ಟೆ. ಕನ್ನಡಕ ಏರಿಸಿ ನೋಡಿ, "ಮುಂದಿನ ಸಾಲು ನಾನು ಹಾಕಿದ್ದೇ ಅಲ್ಲವೇನಪ್ಪಾ?" ಎಂದರು. ಹೌದು ಸರ್ ಎಂದು ಒಪ್ಪಿಕೊಂಡು, ಹಿಂದಿನ ಸಾಲಿನಲ್ಲಿ ಪಕ್ಕಕ್ಕೆ ಸರಿದಿದ್ದ ಮೂರು ಯಂತ್ರಗಳ ಮೇಲೆ ಬೆರಳಿಟ್ಟೆ.