ಇನ್ವರ್ಟರ್ ಮೇಲೆ 5.1 ಓಡ್ಸಿದ್ದು, ನನ್ನ ಅನುಭವ

ಕರೆಂಟ್ ಹೋದ್ರೂ ನಾನೇ ಕಟ್ಟೋ 5.1 ಹೋಂ ಥಿಯೇಟರ್ (ಐದು ಸ್ಪೀಕರ್, ಒಂದು ಸಬ್‌ವೂಫರ್) ನಿಲ್ಲಬಾರ್ದು ಅಂತ ನಾನು ಹೊರಟಾಗ ದಾವಣಗೆರೆ ಅಶೋಕ ರಸ್ತೆ ಕಡೆ ರಿಪೇರಿ ಅಂಗಡಿ ಅಣ್ಣ "ಲೇ ತಮ್ಮಾ, ಹೋಂ ಥಿಯೇಟರ್ ಅಂದ್ರೆ ಸಾವಿರ ವ್ಯಾಟು, ನಿನ್ 850 ವಿಎ ಇನ್ವರ್ಟರ್ ಕುಂಯ್ ಅಂತೈತೆ" ಅಂದಿದ್ರು. ಈಗ ಎಂಟು ತಿಂಗಳಾಯ್ತು ನೋಡ್ರಿ, ಒಂದ್ಸಲಾನೂ ಓವರ್‌ಲೋಡ್ ಲೈಟ್ ಹತ್ತಿಲ್ಲ.

ಮೊದ್ಲು ದುಡ್ಡು ಕಳ್ಕೊಂಡಿದ್ದು ಹೇಳ್ತೀನಿ. ಆರೂ ಚಾನಲ್‌ಗೆ 7294 ಅನ್ನೋ ಆಂಪ್ಲಿಫೈಯರ್ ಐಸಿ ಹಾಕಿದ್ದೆ, ಸೌಂಡ್ ಜಾಸ್ತಿ ಬರ್ಲಿ ಅಂತ ಟ್ರಾನ್ಸ್‌ಫಾರ್ಮರ್ 30-0-30 ವೋಲ್ಟಿಂದು ತಂದೆ. ಹಗಲೊತ್ತು ಚೆನ್ನಾಗೇ ಓಡ್ತು. ರಾತ್ರಿ ಹನ್ನೊಂದರ ಮೇಲೆ ನಮ್ ಏರಿಯಾದಾಗೆ ವೋಲ್ಟೇಜ್ 250ಕ್ಕೆ ಏರುತ್ತೆ, ಡಿಸಿ ಆದ್ಮೇಲೆ ಕೆಪಾಸಿಟರ್ ಮೇಲೆ ಮೀಟರ್ ಇಟ್ರೆ ಪ್ಲಸ್ ಮೈನಸ್ 47 ವೋಲ್ಟ್, ಆ ಐಸಿಗೆ ಸಿಗ್ನಲ್ ಇದ್ದಾಗ 40ರ ಮೇಲೆ ಕೊಡಂಗೇ ಇಲ್ಲ. ಫೈಟ್ ಸೀನ್ ಬರ್ತಿದ್ದಂಗೆ ಟಪ್ ಅಂತ ಎರಡು ಹೋದ್ವು, ಒಂದರ ಮೈ ನಡುವಿಗೇ ಸೀಳಿತ್ತು, ವಾಸನೆ ಎರಡು ದಿನ ಹಾಲ್ ಬಿಟ್ಟು ಹೋಗ್ಲಿಲ್ಲ. ಬದಲಿಗೆ ತಂದವು ಡೂಪ್ಲಿಕೇಟು, ಅವೂ ಹೋದ್ವು. ಐಸಿ, ಟ್ರಾನ್ಸ್‌ಫಾರ್ಮರ್ ಎಲ್ಲ ಸೇರಿ ಎರಡೂವರೆ ಸಾವಿರ ನೀರಾಗ್ ಹೋಯ್ತು.

ಆಮೇಲೆ ದಾರಿ ಬದಲಾಯಿಸ್ದೆ. ಸಬ್‌ವೂಫರ್ ಒಂದಕ್ಕೆ ಮಾತ್ರ 7294, ಅದಕ್ಕೆ 24-0-24 5 ಆಂಪಿಯರ್ ಹೇಳಿ ಸುತ್ತಿಸಿದ್ದು. ಉಳಿದ ಐದಕ್ಕೂ 3116 ಐಸಿಯ ಕ್ಲಾಸ್ ಡಿ (ಕರೆಂಟ್ ಕಮ್ಮಿ ತಿನ್ನೋ ಆಂಪ್ಲಿಫೈಯರ್) ಬೋರ್ಡ್ ಮೂರು, ಅವಕ್ಕೆ 24 ವೋಲ್ಟ್ ಎಸ್‌ಎಂಪಿಎಸ್, ಅಂದ್ರೆ ಲ್ಯಾಪ್‌ಟಾಪ್ ಅಡಾಪ್ಟರ್ ತರದ ಪವರ್ ಸಪ್ಲೈ. ಎಸ್‌ಎಂಪಿಎಸ್ ಶಬ್ದ ಟ್ವೀಟರ್‌ನಾಗೆ ಚುಂಯ್ ಅಂತ ಬರ್ತಿತ್ತು, ಅದನ್ನ ನಿಲ್ಲಿಸಿದ ಉಪಾಯ ಮಾತ್ರ ಇಲ್ಲಿ ಬರೆಯಲ್ಲ, ಆರು ವಾರ ಕೂತು ಹುಡುಕಿದ್ದು ಅದು. ಗುಂಯ್ ಅನ್ನೋ ಹಮ್ ಬೇರೆ, ಅದು ಟಿವಿ ಗ್ರೌಂಡಿಂದ ಬರ್ತಿತ್ತು, ತಂತಿ ಬದಲು ಬೆಳಕಲ್ಲಿ ಸಿಗ್ನಲ್ ಸಾಗಿಸೋ ಆಪ್ಟಿಕಲ್ ಕೇಬಲ್ ಹಾಕಿದ ಕೂಡ್ಲೆ ಹೋಯ್ತು.

ನಡುವೆ ಒಂದು ಪ್ರಯೋಗ ಮಾಡ್ದೆ, ಹಳೇ ಯುಪಿಎಸ್‌ನ 12 ವೋಲ್ಟ್ 7 ಎಎಚ್ ಬ್ಯಾಟರಿ ಎರಡು ಸೀರೀಸ್ ಮಾಡಿ ಕ್ಲಾಸ್ ಡಿ ಬೋರ್ಡಿಗೆ ಕೊಟ್ಟೆ. ಆಹಾ, ಅಷ್ಟು ಕ್ಲೀನ್ ಸೌಂಡ್ ನಾನು ಕೇಳೇ ಇರ್ಲಿಲ್ಲ. ಆದ್ರೆ ಈಗಷ್ಟೇ ಚಾರ್ಜರ್ ತೆಗೆದ ಬ್ಯಾಟರಿ 27 ವೋಲ್ಟ್ ಹತ್ರ ಇರುತ್ತೆ, 3116ಗೆ 26ರ ಮೇಲೆ ಕೊಡಬಾರ್ದು, ಸ್ವಲ್ಪ ಹೊತ್ತು ಬಿಟ್ಟು ಕೊಡಿ.

ಈಗ ಪ್ಲಗ್‌ಗೆ ಹಾಕೋ ವ್ಯಾಟ್ ಮೀಟರ್ ತೋರ್ಸಿದ್ದು ಕೇಳ್ರಿ. ಸುಮ್ನೆ ಆನ್ ಇದ್ರೆ 20ರ ಆಸುಪಾಸು, ಮನೆಮಂದಿ ಕೂತು ಸಿನಿಮಾ ನೋಡೋ ವಾಲ್ಯೂಮ್‌ಗೆ 45-50, ಪಕ್ಕದ ಮನೆ ಅಜ್ಜಿ ಬಾಗಿಲು ಬಡಿಯೋ ಮಟ್ಟಕ್ಕೆ 110 ಇರ್ಬೋದು. ಡಬ್ಬಿ ಮೇಲೆ ಬರೆದ ಪಿಎಂಪಿಒ (ಉಬ್ಬಿಸಿ ಬರೆಯೋ ಪೀಕ್ ವ್ಯಾಟ್) ಲೆಕ್ಕ ನಂಬಿ ಯಾರೂ ಇನ್ವರ್ಟರ್ ದೊಡ್ಡದು ತಗೋಬೇಡಿ. ವ್ಯಾಟ್ ಎರಡು ಪಟ್ಟು ಮಾಡಿದ್ರೂ ಸಿಗೋದು ಬರೀ 3 ಡೆಸಿಬೆಲ್, ಕಿವಿಗೆ ಚೂರು ಜಾಸ್ತಿ ಅಷ್ಟೆ. ಸಿನಿಮಾ ನೋಡೋ ವಾಲ್ಯೂಮ್‌ಗೆ ಟಿವಿ, ಒಂದು ಫ್ಯಾನ್ ಸೇರಿದ್ರೂ 200 ದಾಟಲ್ಲ, 150 ಎಎಚ್ ಬ್ಯಾಟರಿಯಲ್ಲಿ ಐದು ತಾಸು ಆರಾಮ. ಆದ್ರೆ ಇನ್ವರ್ಟರ್ ಸೈನ್ ವೇವ್ ಇರ್ಬೇಕು, ಸ್ಕ್ವೇರ್ ವೇವ್‌ನಲ್ಲಿ ನನ್ ಟ್ರಾನ್ಸ್‌ಫಾರ್ಮರ್ ಮುಟ್ಟಕ್ಕಾಗದಷ್ಟು ಕಾದಿತ್ತು.

ಖರ್ಚು, ಡಿಕೋಡರ್ ಬೋರ್ಡ್ (ಟಿವಿ ಸೌಂಡನ್ನ ಆರು ಚಾನಲ್‌ಗೆ ಬಿಡಿಸೋದು), ಕ್ಯಾಬಿನೆಟ್ ಸೇರಿ ಏಳೂವರೆ ಸಾವಿರ, ಸುಟ್ಟಿದ್ದು ಬೇರೆ, ಸ್ಪೀಕರ್ ಮೊದ್ಲೇ ಇದ್ವು.

ಮೊನ್ನೆ ಕರೆಂಟ್ ಹೋದಾಗ ಆ ಅಣ್ಣನ್ನ ಕರ್ಸಿ ಕೂರಿಸ್ದೆ. ಮಂಡಕ್ಕಿ ತಿಂತಾ ಅರ್ಧ ಸಿನಿಮಾ ನೋಡಿದ್ರು, ಮೂರು ಸಲ ಎದ್ದು ಹೋಗಿ ಮೀಟರ್ ನೋಡಿದ್ರು. ಅವ್ರ ಮನೆಗೂ ಒಂದು ಸೆಟ್ ಕಟ್ತಾ ಇದೀನಿ, ಟ್ರಾನ್ಸ್‌ಫಾರ್ಮರ್ ಸುತ್ತಕ್ಕೆ ಕೊಟ್ಟಾಗೈತೆ.