ಒಂದು ಡಬ್ಬಿ ಚೀಟಿ: ‘ಮೂನ್‌ಸ್ಟೋನ್’ ಓದಿದ ನಮ್ಮ ಗುಂಪಿನ ಅನುಭವ

ನಮ್ಮ ಮನೆಯ ಷೋಕೇಸಿನಲ್ಲಿ ಒಂದು ಸ್ಟೀಲ್ ಡಬ್ಬಿ ಇದೆ. ಅದರ ತುಂಬ ಮಡಿಸಿಟ್ಟ ಚೀಟಿಗಳು. ಇಂಗ್ಲಿಷ್ ಲೇಖಕ ವಿಲ್ಕಿ ಕಾಲಿನ್ಸ್ ಬರೆದು 1868ರಲ್ಲಿ ಪ್ರಕಟವಾದ ‘ದಿ ಮೂನ್‌ಸ್ಟೋನ್’ ಪತ್ತೇದಾರಿ ಕಾದಂಬರಿಯನ್ನು ನಾವು ಒಂಬತ್ತು ಜನ ಒಟ್ಟಿಗೆ ಓದಿದೆವು. ಆಗ ವಾರ ವಾರ ಬರೆದು ಹಾಕಿದ ಅಭಿಪ್ರಾಯಗಳು ಇವು. ಮೈಸೂರಿನ ನಮ್ಮ ಮನೆಯಲ್ಲಿ ಭಾನುವಾರ ಸಂಜೆ ಸೇರುವ ಸಣ್ಣ ಓದುಗರ ಗುಂಪು ನಮ್ಮದು. ನಡೆಸುವ ಜವಾಬ್ದಾರಿ ನನ್ನದು. ಓದುಗರ ಅಭಿಪ್ರಾಯವನ್ನು ಹೇಗೆ ಕೇಳಬೇಕು ಅನ್ನೋದನ್ನ ನಾನು ಕಲಿತದ್ದು ಈ ಒಂದು ಪುಸ್ತಕದಿಂದ.

ಇದಕ್ಕೆ ಮುಂಚೆ ಒಂದು ಪತ್ತೇದಾರಿ ಕಾದಂಬರಿ ಹಿಡಿದಿದ್ದೆವು. ಎಲ್ಲರೂ ಮನೆಯಲ್ಲಿ ಪೂರ್ತಿ ಓದಿಕೊಂಡು ಬಂದರು. ‘ಹೇಗಿತ್ತು?’ ಅಂತ ಕೇಳಿದೆ. ‘ಚೆನ್ನಾಗಿತ್ತು’ ಅಂದರು. ‘ಅಪರಾಧಿ ಯಾರು ಅಂತ ನನಗೆ ಮೊದಲೇ ಗೊತ್ತಾಗಿತ್ತು’ ಅಂತ ನಾಲ್ಕು ಜನ ಹೇಳಿದರು. ಹತ್ತು ನಿಮಿಷಕ್ಕೆ ಮಾತು ಮುಗಿದುಹೋಯಿತು. ಅವರು ಯಾರೂ ಸುಳ್ಳು ಹೇಳಲಿಲ್ಲ. ಕೊನೆ ಗೊತ್ತಾದ ಮೇಲೆ ಹಿಂದಿನ ಪುಟಗಳೆಲ್ಲ ಆ ಕೊನೆಯ ಬಣ್ಣಕ್ಕೇ ತಿರುಗಿಬಿಡುತ್ತವೆ. ನಡುವೆ ಪಟ್ಟ ಅನುಮಾನ, ಬೇಸರ, ಭಯ ಯಾವುದೂ ಆಮೇಲೆ ನೆನಪಿಗೆ ಬರುವುದಿಲ್ಲ.

ಅದಕ್ಕೇ ‘ಮೂನ್‌ಸ್ಟೋನ್’ ಹಿಡಿದಾಗ ಬೇರೆ ದಾರಿ ನೋಡಿದೆ. ಇದು ಮೊದಲು ಬಂದದ್ದು ಧಾರಾವಾಹಿಯಾಗಿ. ಚಾರ್ಲ್ಸ್ ಡಿಕನ್ಸ್ ನಡೆಸುತ್ತಿದ್ದ ‘ಆಲ್ ದಿ ಇಯರ್ ರೌಂಡ್’ ವಾರಪತ್ರಿಕೆಯಲ್ಲಿ 1868ರ ಜನವರಿ 4ರಿಂದ ಆಗಸ್ಟ್ 8ರವರೆಗೆ 32 ಕಂತುಗಳಲ್ಲಿ ಪ್ರಕಟವಾಯಿತು. ನಮ್ಮಮ್ಮ ವಾರಪತ್ರಿಕೆಯ ಧಾರಾವಾಹಿಯ ಹಾಳೆಗಳನ್ನು ಕತ್ತರಿಸಿ, ದಬ್ಬಣದಲ್ಲಿ ತೂತು ಮಾಡಿ, ದಾರ ಹಾಕಿ ಹೊಲಿದು ಇಟ್ಟುಕೊಳ್ಳುತ್ತಿದ್ದರು. ಮುಂದಿನ ಗುರುವಾರದ ತನಕ ಅಕ್ಕಪಕ್ಕದ ಮನೆಯವರ ಜೊತೆ ಅದೇ ಮಾತು. ಅದೇ ರೀತಿ ಓದೋಣ ಅಂತ ತೀರ್ಮಾನ ಮಾಡಿದೆವು. ಜನವರಿಯ ಮೊದಲ ಭಾನುವಾರ ಶುರು, ವಾರಕ್ಕೆ ಒಂದು ಕಂತು, ಮುಂದಕ್ಕೆ ಓದುವಂತಿಲ್ಲ. ಹಬ್ಬ, ಮದುವೆ ಬಂದಾಗ ಮಾತ್ರ ಎರಡು ಕಂತು ಒಟ್ಟಿಗೆ.

ಪ್ರತಿ ವಾರ ಮಾತು ಶುರು ಮಾಡುವ ಮುಂಚೆ ಎಲ್ಲರೂ ಒಂದು ಚೀಟಿ ಬರೆಯಬೇಕು. ಮೂರೇ ಪ್ರಶ್ನೆ. ಯಾರ ಮೇಲೆ ಅನುಮಾನ? ಯಾರ ಮಾತು ನಂಬುತ್ತೀರಿ? ಎಲ್ಲಿ ಪುಸ್ತಕ ಮುಚ್ಚಿಟ್ಟಿರಿ? ತಾರೀಖು ಹಾಕಿ ಡಬ್ಬಿಗೆ ಹಾಕುವುದು. ಆಗಸ್ಟ್‌ವರೆಗೂ ತೆಗೆಯುವಂತಿಲ್ಲ. ಮೂರನೇ ಪ್ರಶ್ನೆಯೇ ಬಹಳ ಮುಖ್ಯವಾದದ್ದು ಅಂತ ಆಮೇಲೆ ಗೊತ್ತಾಯಿತು. ‘ಬೋರ್ ಆಯ್ತಾ?’ ಅಂತ ಕೇಳಿದರೆ ಜನ ಸಂಕೋಚಪಟ್ಟುಕೊಳ್ಳುತ್ತಾರೆ. ಎಲ್ಲಿ ಮುಚ್ಚಿಟ್ಟಿರಿ ಅಂದರೆ ಪುಟದ ಸಂಖ್ಯೆಯನ್ನೇ ಬರೆದುಕೊಡುತ್ತಾರೆ.

ಕಥೆ ಇಷ್ಟು. ಇಂಗ್ಲೆಂಡಿನ ಯಾರ್ಕ್‌ಷೈರ್ ಕಡಲ ತೀರದಲ್ಲಿ ಒಂದು ದೊಡ್ಡ ಮನೆ. ಆ ಮನೆಯ ಮಗಳು ರೇಚಲ್. 1848ರ ಜೂನ್ 21ಕ್ಕೆ ಅವಳಿಗೆ 18 ತುಂಬುತ್ತದೆ. ಹುಟ್ಟುಹಬ್ಬಕ್ಕೆ ಸೋದರಮಾವನ ಉಯಿಲಿನಿಂದ ಹಳದಿ ಬಣ್ಣದ ಒಂದು ದೊಡ್ಡ ವಜ್ರ ಬರುತ್ತದೆ. ಅದೇ ರಾತ್ರಿ ವಜ್ರ ಮಾಯ. ಮನೆ ಕಾಯುವ ಮುದುಕ ಬೆಟ್ಟರೆಡ್ಜ್, ವಕೀಲ, ಬಂಧುಗಳು ಹೀಗೆ ಹತ್ತು ಜನಕ್ಕಿಂತ ಜಾಸ್ತಿ ಮಂದಿ ತಾವು ಕಂಡಷ್ಟನ್ನು ಬರೆದಿಟ್ಟದ್ದೇ ಕಾದಂಬರಿ. ತೋಟ, ಗುಲಾಬಿ, ಊಟದ ಮೇಜು, ಮನೆಮಂದಿ ಒಬ್ಬರನ್ನೊಬ್ಬರು ಗಮನಿಸುವುದು, ಈಗ ‘ಕೋಝಿ’ ಅಂತ ಕರೆಯುವ ಪತ್ತೇದಾರಿ ಕಥೆಗಳ ಸಾಮಗ್ರಿ ಎಲ್ಲ ಇಲ್ಲಿಂದಲೇ ಬಂದಂತಿದೆ. ವಜ್ರ ಯಾರ ಕೈ ಸೇರಿತು ಅಂತ ನಾನು ಇಲ್ಲಿ ಹೇಳುವುದಿಲ್ಲ. ಓದುವ ಸುಖವನ್ನು ಕೆಡಿಸಲಾರೆ.

ಒಂದು ತೊಂದರೆ ಎರಡನೇ ವಾರಕ್ಕೇ ಬಂತು. ಒಬ್ಬರು ಕೊಂಡ ಪ್ರತಿಯ ಮುನ್ನುಡಿಯಲ್ಲೇ ಕಳ್ಳನ ಹೆಸರು ಅಚ್ಚಾಗಿತ್ತು. ಪಾಪ, ಅವರು ಅಳುವ ಹಾಗಾಗಿದ್ದರು. ಅವರಿಗೆ ಬೇರೆ ಕೆಲಸ ಕೊಟ್ಟೆ. ‘ನಿಮಗೆ ಗೊತ್ತಲ್ಲ, ಲೇಖಕ ನಮ್ಮನ್ನು ಎಲ್ಲೆಲ್ಲಿ ದಾರಿ ತಪ್ಪಿಸ್ತಾನೆ ಅಂತ ಬರೆದು ಹಾಕಿ.’ ಕೊನೆಗೆ ಎಲ್ಲರಿಗಿಂತ ದಪ್ಪ ಕಂತೆ ಅವರದ್ದೇ ಆಯಿತು. ಅವತ್ತಿನಿಂದ ನಾನು ಯಾರಿಗೆ ಪುಸ್ತಕ ಕೊಟ್ಟರೂ ಮುನ್ನುಡಿಯ ಪುಟಗಳಿಗೆ ಕ್ಲಿಪ್ ಹಾಕಿ ಕೊಡುತ್ತೇನೆ.

ಗುಂಪಿನಲ್ಲಿ ಒಬ್ಬ ಟೈಲರ್ ಅಕ್ಕ ಇದ್ದಾರೆ. ಇಂಗ್ಲಿಷ್ ಓದುವ ಅಭ್ಯಾಸ ಅವರಿಗಿಲ್ಲ. ಶನಿವಾರ ರಾತ್ರಿ ಅವರ ಅಂಗಡಿಯಲ್ಲಿ ಕೂತು ಆ ವಾರದ ಕಂತನ್ನು ಕನ್ನಡದಲ್ಲಿ ಹೇಳುತ್ತಿದ್ದೆ. ಅವರು ಕೈಯಲ್ಲಿ ಹೆಮ್ಮಿಂಗ್ ಹಿಡಿದುಕೊಂಡೇ ಕೇಳುತ್ತಿದ್ದರು. ರೇಚಲ್ ಕೋಣೆಯ ಬಾಗಿಲಿನ ಹಸಿ ಬಣ್ಣ ಯಾರದೋ ಬಟ್ಟೆ ತಾಗಿ ಕೆಟ್ಟಿರುತ್ತದೆ. ಆ ಬಟ್ಟೆ ಎಲ್ಲಿ ಅನ್ನುವುದೇ ತನಿಖೆಯ ಎಳೆ. ರೊಸಾನ ಅನ್ನುವ ಕೆಲಸದ ಹುಡುಗಿ ಗುಟ್ಟಾಗಿ ಲಾಂಗ್‌ಕ್ಲಾತ್ ಕೊಂಡು ರಾತ್ರಿಯಿಡೀ ಒಂದು ನಿಲುವಂಗಿ ಹೊಲಿದಿದ್ದಾಳೆ ಅಂತ ಪತ್ತೇದಾರ ಕಫ್ ಊಹೆ ಮಾಡುತ್ತಾನೆ. ಅಲ್ಲಿಗೆ ಅಕ್ಕ ಸೂಜಿ ನಿಲ್ಲಿಸಿದರು.

‘1848 ಅಂದ್ರಲ್ಲ, ಮೆಷಿನ್ ಇತ್ತಾ ಆಗ?’

‘ಮನೆಮನೆಗೆ ಇನ್ನೂ ಬಂದಿರಲಿಲ್ಲ ಅಕ್ಕ.’

‘ಹಾಗಾದ್ರೆ ಕೈಹೊಲಿಗೆ. ಪಕ್ಕದ ಹೊಲಿಗೆ ಎರಡು, ತೋಳು ಎರಡು, ಕುತ್ತಿಗೆ, ಕೆಳಗಿನ ಮಡಿಕೆ. ಕಾಜಾ ಬೇರೆ. ದೀಪದ ಬೆಳಕಲ್ಲಿ ಒಂದೇ ರಾತ್ರಿಗೆ ಮುಗಿಸಿದಳು ಅಂದ್ರೆ ತನಗೋಸ್ಕರ ಹೊಲಿದಿದ್ದಲ್ಲ ಅದು. ಯಾರಿಗೋ ಹೊಲಿದಿದ್ದು.’

ಆ ಮಾತನ್ನೇ ಚೀಟಿಯಲ್ಲಿ ಬರೆದು ಹಾಕಿದರು. ಮಿಕ್ಕ ಎಂಟು ಜನರಲ್ಲಿ ಆರು ಜನ ಆ ವಾರ ರೊಸಾನ ಅಥವಾ ರೇಚಲ್ ಮೇಲೆ ಅನುಮಾನ ಬರೆದಿದ್ದರು. ರೊಸಾನ ಮೊದಲು ಕಳ್ಳತನಕ್ಕೆ ಸಿಕ್ಕಿಬಿದ್ದವಳು, ಒಂದು ಭುಜ ಊನವಾದವಳು. ಇಂಥವಳ ಮನಸ್ಸಿನಲ್ಲಿ ಪ್ರೀತಿ ಇರಬಹುದು ಅಂತ ಆ ಮನೆಯಲ್ಲಿ ಹೆಚ್ಚಿನವರಿಗೆ ಹೊಳೆಯುವುದೇ ಇಲ್ಲ. ನಮ್ಮಲ್ಲೂ ಹೊಳೆಯಲಿಲ್ಲ, ಅಕ್ಕನೊಬ್ಬರನ್ನು ಬಿಟ್ಟರೆ. ಆಗಸ್ಟ್‌ನಲ್ಲಿ ಆ ಚೀಟಿ ಬಿಚ್ಚಿ ಓದಿದಾಗ ಕೆಲವರು ತಲೆ ತಗ್ಗಿಸಿದರು. ಕೊನೆಯಲ್ಲಿ ಮಾತ್ರ ಕೇಳಿದ್ದರೆ ಎಲ್ಲರೂ ‘ಅಯ್ಯೋ ಪಾಪ ರೊಸಾನ’ ಅಂದುಬಿಡುತ್ತಿದ್ದರು, ಅಲ್ವಾ?

ಲೆಕ್ಕದ ಮೇಷ್ಟ್ರಿಗೆ ಬೇಕಾದದ್ದು ಬೇರೆ. ಆ ಬಾಗಿಲಿಗೆ ಬುಧವಾರ ಮಧ್ಯಾಹ್ನ ಮೂರಕ್ಕೆ ಬಣ್ಣ ಬಳಿದು ಮುಗಿಸಿದರು. ಒಣಗಲು 12 ಗಂಟೆ ಬೇಕು. ಅಂದರೆ ಗುರುವಾರ ಬೆಳಗಿನ ಜಾವ ಮೂರಕ್ಕೇ ಒಣಗಿದೆ. ಬೆಳಗ್ಗೆ ಹನ್ನೊಂದಕ್ಕೆ ಕೆಲಸದವರ ಲಂಗ ತಾಗಿ ಬಣ್ಣ ಕೆಟ್ಟಿತು ಅಂತ ಊರಿನ ಪೊಲೀಸ್ ಅಧಿಕಾರಿ ಹೇಳಿದ್ದು ತಪ್ಪು ಅಂತ ಕಫ್ ಬರೀ ಕೂಡಿ ಕಳೆಯುವ ಲೆಕ್ಕದಲ್ಲೇ ತೋರಿಸುತ್ತಾನೆ. ಮೇಷ್ಟ್ರು ಆ ವಾರದ ಚೀಟಿಯ ಹಿಂದೆ ಕಫ್‌ಗೆ ನೂರಕ್ಕೆ ನೂರು ಅಂಕ ಬರೆದಿದ್ದರು. ಕೇಸಿನ ನಡುವೆಯೇ ತೋಟದ ಮಾಲಿಯ ಜೊತೆ ನಿಂತು, ಗುಲಾಬಿ ಪಾತಿಗಳ ನಡುವೆ ಜಲ್ಲಿ ಹಾಕಬೇಕೋ ಹುಲ್ಲು ಬೆಳೆಸಬೇಕೋ ಅಂತ ಅವನು ವಾದ ಮಾಡುವುದು ಎಲ್ಲರಿಗೂ ಇಷ್ಟವಾಯಿತು. ಈ ಪಾತ್ರಕ್ಕೆ ಲಂಡನ್ನಿನ ಪತ್ತೇದಾರ ಜ್ಯಾಕ್ ವಿಚರ್ ಮಾದರಿ. 1860ರಲ್ಲಿ ರೋಡ್ ಹಿಲ್ ಮನೆಯ ಕೊಲೆ ಕೇಸಿನಲ್ಲಿ ಅವನು ಬೆನ್ನಟ್ಟಿದ್ದೂ ಒಂದು ಕಾಣೆಯಾದ ರಾತ್ರಿಯುಡುಪನ್ನೇ.

ಮೂರನೇ ಪ್ರಶ್ನೆಗೆ ಜಾಸ್ತಿ ಉತ್ತರ ಬಂದದ್ದು ಎರಡು ಕಡೆ. ಮೊದಲನೆಯದು ಬೆಟ್ಟರೆಡ್ಜ್ ಶುರುವಿನಲ್ಲಿ ತನ್ನ ಮದುವೆ, ಮಗಳು ಅಂತ ಎಲ್ಲೆಲ್ಲಿಗೋ ಹೋಗುವ ಪುಟಗಳು. ಎರಡನೆಯದು ಮಿಸ್ ಕ್ಲ್ಯಾಕ್ ಬರೆದ ಭಾಗ. ಧರ್ಮಬೋಧೆಯ ಪುಸ್ತಿಕೆಗಳನ್ನು ಕಾಯಿಲೆಯವರ ಮನೆಯಲ್ಲಿ ಸೋಫಾ ದಿಂಬಿನ ಕೆಳಗೆ, ಹೂಕುಂಡದಲ್ಲಿ ಬಚ್ಚಿಟ್ಟು ಬರುವ ಹೆಂಗಸು ಅವಳು. ನಾಲ್ಕು ಜನ ಅವಳ ಭಾಗವನ್ನು ಎರಡೆರಡು ಸಲ ಓದಿದ್ದರು, ಮೂವರು ಮುಚ್ಚಿಟ್ಟಿದ್ದರು. ನನಗಂತೂ ಅವಳ ಭಾಗ ಬಹಳ ಇಷ್ಟ. ತನ್ನ ಬಗ್ಗೆ ಅವಳು ಹೇಳುವುದು ಒಂದು, ನಮಗೆ ಕಾಣುವುದು ಇನ್ನೊಂದು.

ಔಷಧಿ ಅಂಗಡಿ ನಡೆಸುವ ಗೆಳೆಯರೊಬ್ಬರು ಕೊನೆಯ ಭಾಗದ ಒಂದು ಪ್ರಯೋಗಕ್ಕೆ ‘ಇದು ಆಗಲ್ಲ’ ಅಂತ ದಪ್ಪಕ್ಷರದಲ್ಲಿ ಬರೆದರು. ಒಂದೇ ದೇಹದ ಮೇಲೆ ಒಂದೇ ಔಷಧಿ ಎರಡು ಸಲ ಒಂದೇ ಥರ ಕೆಲಸ ಮಾಡುತ್ತೆ ಅಂತ ನಂಬೋಕಾಗಲ್ಲ ಅಂತ ಅವರ ವಾದ. ಕಾಲಿನ್ಸ್ ಇಂಥ ಆಕ್ಷೇಪ ಬರುತ್ತದೆ ಅಂತ ಗೊತ್ತಿದ್ದೇ ಆಗಿನ ಇಬ್ಬರು ನಿಜವಾದ ವೈದ್ಯರ ಹೆಸರನ್ನು ಪಾತ್ರದ ಬಾಯಲ್ಲಿ ಹೇಳಿಸಿದ್ದಾನೆ. ಗೆಳೆಯರು ಅದಕ್ಕೂ ಒಪ್ಪಲಿಲ್ಲ. ಆ ಭಾನುವಾರ ರಾತ್ರಿ ಹತ್ತೂವರೆ ಆದರೂ ಯಾರೂ ಏಳಲಿಲ್ಲ.

ಇನ್ನು ಗುಂಪಿನಲ್ಲಿರುವ ಗಂಜಾಂ ಊರಿನ ಒಬ್ಬರ ಚೀಟಿ. ಗಂಜಾಂ ಇರುವುದು ಶ್ರೀರಂಗಪಟ್ಟಣದ ದ್ವೀಪದಲ್ಲೇ. ಕಾದಂಬರಿ ಶುರುವಾಗುವುದು ಯಾರ್ಕ್‌ಷೈರಿನಲ್ಲಲ್ಲ, 1799ರ ಶ್ರೀರಂಗಪಟ್ಟಣದಲ್ಲಿ. ಸೋಮನಾಥದ ಚಂದ್ರದೇವರ ಹಣೆಯಲ್ಲಿದ್ದ ವಜ್ರ ಕೈಯಿಂದ ಕೈಗೆ ಹೋಗಿ ಟಿಪ್ಪುವಿನ ಕಠಾರಿಯ ಹಿಡಿಗೆ ಬಂದಿರುತ್ತದೆ. ಇದು ಕಾಲಿನ್ಸ್ ಕಟ್ಟಿದ ಕಥೆ. ಮೇ 4ರಂದು ಕೋಟೆ ಬಿದ್ದಾಗ ಹರ್ನ್‌ಕಾಸಲ್ ಅನ್ನುವ ಇಂಗ್ಲಿಷ್ ಅಧಿಕಾರಿ ಕಾವಲಿನವರನ್ನು ಕೊಂದು ಅದನ್ನು ದೋಚುತ್ತಾನೆ. ಒಂದು ಕೈಯಲ್ಲಿ ಪಂಜು, ಇನ್ನೊಂದರಲ್ಲಿ ರಕ್ತ ತೊಟ್ಟಿಕ್ಕುವ ಕಠಾರಿ. ಮೊದಲ ವಾರದ ಚೀಟಿಯಲ್ಲಿ ನಾವೆಲ್ಲ ‘ಇನ್ನೂ ಅನುಮಾನ ಇಲ್ಲ’ ಅಂತ ಬರೆದಿದ್ದೆವು. ಗಂಜಾಂನವರು ಬರೆದದ್ದು ಹೀಗೆ: ‘ಕಳ್ಳ ಸಿಕ್ಕಿದನಲ್ಲ. ಹರ್ನ್‌ಕಾಸಲ್.’ ಮುಂದೆ ಅಷ್ಟೂ ವಾರ ಅದೇ ಹೆಸರು. ಅನುಮಾನ ಯಾರ ಮೇಲೆ ಅಂದರೆ ಹರ್ನ್‌ಕಾಸಲ್. ರೇಚಲ್ ಹತ್ತಿರ ಕಳುವಾದದ್ದು ಅವಳದ್ದೇ ಅಲ್ಲ ಅನ್ನುವುದು ಅವರ ಅಭಿಪ್ರಾಯ.

ಬೇಸಿಗೆಯಲ್ಲಿ ಒಂದು ಭಾನುವಾರ ಎಲ್ಲರೂ ಶ್ರೀರಂಗಪಟ್ಟಣಕ್ಕೆ ಹೋದೆವು. ಮೈಸೂರಿನಿಂದ ಸುಮಾರು 15 ಕಿಲೋಮೀಟರ್. ಫಿರಂಗಿ ಹೊಡೆದು ಕೋಟೆಗೋಡೆ ಬಿರುಕು ಬಿಡಿಸಿದ ಜಾಗದಲ್ಲಿ ಈಗ ಒಂದು ಸ್ಮಾರಕದ ಕಂಬ ಇದೆ. ಕೆಳಗೆ ಕಾವೇರಿಯಲ್ಲಿ ನೀರು ಕಡಿಮೆ, ಬಂಡೆಗಳೆಲ್ಲ ಎದ್ದು ಕಾಣುತ್ತಿದ್ದವು. ಅವತ್ತು ಸೈನಿಕರು ಮಧ್ಯಾಹ್ನ ಒಂದರ ಹೊತ್ತಿಗೆ ಹೀಗೇ ಕಡಿಮೆ ನೀರಿನಲ್ಲಿ ನದಿ ದಾಟಿದರು. ಗಂಜಾಂನವರು ಕಂಬದ ನೆರಳಿನಲ್ಲಿ ನಿಂತು ಆ ಮೊದಲ ಅಧ್ಯಾಯ ಓದಿದರು. ಲೂಟಿ ಮಾಡಿದವನು ಸಿಕ್ಕಿಬಿದ್ದರೆ ನೇಣಿಗೆ ಹಾಕುತ್ತೇನೆ ಅಂತ ಜನರಲ್ ಬೇರ್ಡ್ ಸಾರುವ ಸಾಲು ಬಂದಾಗ ನಿಲ್ಲಿಸಿ, ‘ಟಿಪ್ಪು ಹುಲಿ ಈಗ ಎಲ್ಲಿದೆ ಹೇಳಿ’ ಅಂದರು. ಆಗ ಟಿಪ್ಪುವಿನ ಅರಮನೆಯಿಂದ ಇಂಗ್ಲಿಷರು ಹೊತ್ತೊಯ್ದ ಆ ಮರದ ಹುಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಮುಂದಿನ ವಾರದ ಚೀಟಿಗಳಲ್ಲಿ ಇನ್ನೂ ಇಬ್ಬರು ಹರ್ನ್‌ಕಾಸಲ್ ಹೆಸರು ಬರೆದಿದ್ದರು.

ಇದು ಊರಿನ ಅಭಿಮಾನದ ಓದು ಅಂತ ಯಾರಾದರೂ ಹೇಳಬಹುದು. ನಾನು ಒಪ್ಪುವುದಿಲ್ಲ. ವಜ್ರ ಹುಡುಕಿಕೊಂಡು ಇಂಗ್ಲೆಂಡಿಗೆ ಬರುವ ಮೂವರು ಬ್ರಾಹ್ಮಣರನ್ನು ಕಾಲಿನ್ಸ್ ಬರೀ ಭಯ ಹುಟ್ಟಿಸುವವರನ್ನಾಗಿ ಮಾಡಿಲ್ಲ. ಸಮುದ್ರ ದಾಟಿ ಜಾತಿ ಕಳೆದುಕೊಂಡವರು ಅಂತ ಒಂದು ಪಾತ್ರದಿಂದ ಹೇಳಿಸುತ್ತಾನೆ. ಅದರ ಬೆಲೆ ಎಷ್ಟು ಅಂತ ನಮ್ಮ ಅಜ್ಜಂದಿರ ಕಾಲದವರಿಗೆ ವಿವರಿಸಿ ಹೇಳಬೇಕಿರಲಿಲ್ಲ. 1857ರ ದಂಗೆ ಕಳೆದು ಹನ್ನೊಂದೇ ವರ್ಷಕ್ಕೆ ಒಬ್ಬ ಇಂಗ್ಲಿಷ್ ಲೇಖಕ ಹೀಗೆ ಬರೆದ ಅನ್ನುವುದು ಸಣ್ಣ ವಿಷಯ ಅಲ್ಲ.

ಓದು ಮುಗಿದ ಮೇಲೆ ಗುಂಪಿಗೆ ಡಿಕನ್ಸ್ ವಿಷಯ ಹೇಳಿದೆ. 1867ರ ಜೂನ್‌ನಲ್ಲಿ ಶುರುವಿನ ಭಾಗ ಓದಿ ಅವನು ಬಹಳ ಮೆಚ್ಚಿದ್ದ. ಕಥೆಯಲ್ಲಿ ಕಾಡುತನವೂ ಇದೆ, ಮನೆವಾರ್ತೆಯೂ ಇದೆ ಅನ್ನುವ ಅರ್ಥದಲ್ಲಿ ಪತ್ರಿಕೆಯಲ್ಲಿ ಜೊತೆಗಿದ್ದ ಗೆಳೆಯ ವಿಲ್ಸ್‌ಗೆ ಪತ್ರ ಬರೆದಿದ್ದ. 1868ರ ಜುಲೈನಲ್ಲಿ ಅದೇ ಗೆಳೆಯನಿಗೆ ಬರೆದ ಇನ್ನೊಂದು ಪತ್ರದಲ್ಲಿ, ಕಥೆ ಕಟ್ಟಿದ ರೀತಿ ಸಹಿಸಲಾಗದಷ್ಟು ದಣಿಸುತ್ತದೆ ಅಂದ. ಇವೆರಡರಲ್ಲಿ ಡಿಕನ್ಸ್ ಅಭಿಪ್ರಾಯ ಯಾವುದು? ಎರಡೂ. ತಾರೀಖು ಹಾಕಿದ ಪತ್ರಗಳು ಉಳಿದಿದ್ದರಿಂದ ನಮಗೆ ಎರಡೂ ಗೊತ್ತು.

ಡಬ್ಬಿ ಬಿಚ್ಚಿದ್ದು ಆಗಸ್ಟ್ ಎರಡನೇ ಭಾನುವಾರ. ಒಬ್ಬೊಬ್ಬರ ಚೀಟಿಯನ್ನು ತಾರೀಖಿನ ಪ್ರಕಾರ ಚಾಪೆಯ ಮೇಲೆ ಸಾಲಾಗಿ ಜೋಡಿಸಿದೆವು. ಒಂಬತ್ತು ಸಾಲು. ತಮ್ಮ ಸಾಲನ್ನು ತಾವೇ ಗಟ್ಟಿಯಾಗಿ ಓದುವುದು. ‘ನನಗೆ ಮೊದಲೇ ಗೊತ್ತಿತ್ತು’ ಅನ್ನುವ ಮಾತು ಈ ಸಲ ಬರಲಿಲ್ಲ. ನಿಜವಾದ ಕಳ್ಳನ ಹೆಸರನ್ನು ಒಬ್ಬರು ಏಪ್ರಿಲ್‌ನಲ್ಲಿ ಬರೆದು, ಮೇ ತಿಂಗಳಲ್ಲಿ ಬಿಟ್ಟುಬಿಟ್ಟಿದ್ದರು. ಯಾಕೆ ಬಿಟ್ಟೆ ಅಂತ ಅವರು ತಮ್ಮ ಚೀಟಿಯಲ್ಲೇ ಹುಡುಕಿದರು. ಸಿಕ್ಕಿತು: ‘ಇಷ್ಟು ಚೆನ್ನಾಗಿ ಮಾತಾಡುವವನು ಇರಲಾರ.’

ಕೊನೆಯ ಕಂತಿನಲ್ಲಿ ಕಥೆ ಸೋಮನಾಥಕ್ಕೆ ಹೋಗುತ್ತದೆ. ಬೆಳದಿಂಗಳ ರಾತ್ರಿ, ಬೆಟ್ಟದ ಕೆಳಗೆ ಸಾವಿರಾರು ಜನ. ಆ ಮೂವರು ಬ್ರಾಹ್ಮಣರು ಒಬ್ಬರನ್ನೊಬ್ಬರು ತಬ್ಬಿಕೊಂಡು, ಮತ್ತೆ ಎಂದೂ ಭೇಟಿಯಾಗದ ಹಾಗೆ ಮೂರು ದಿಕ್ಕಿಗೆ ಹೊರಡುತ್ತಾರೆ. ಜನ ಸದ್ದಿಲ್ಲದೆ ದಾರಿ ಬಿಡುತ್ತಾರೆ. ಧಾರಾವಾಹಿ ಮುಗಿಯುವ ಮುಂಚೆಯೇ ಕಾದಂಬರಿ ಪುಸ್ತಕವಾಗಿ ಬಂದಿದ್ದರಿಂದ, 1868ರ ಜುಲೈನಲ್ಲೇ ಲಂಡನ್ನಿನ ‘ಅಥೀನಿಯಂ’ ಪತ್ರಿಕೆಯ ವಿಮರ್ಶೆ ಈ ಜಾಗಕ್ಕೆ ಕಣ್ಣೀರು ಬರುತ್ತದೆ ಅಂತ ಹೇಳಿತ್ತು. ಅದನ್ನು ಬರೆದವರು ಜೆರಾಲ್ಡೀನ್ ಜ್ಯೂಸ್‌ಬರಿ. ನಮ್ಮ ಎಂಟು ಜನರ ಚೀಟಿಯಲ್ಲೂ ಹೆಚ್ಚುಕಮ್ಮಿ ಅದೇ ಮಾತು ಇತ್ತು.

ಟೈಲರ್ ಅಕ್ಕ ಮಾತ್ರ ಒಂದೇ ಸಾಲು ಬರೆದಿದ್ದರು. ‘ಇನ್ಮೇಲೆ ಅವರ ಊಟ ಎಲ್ಲಿ?’

ಆ ಚೀಟಿಯನ್ನು ನಾನು ಡಬ್ಬಿಗೆ ವಾಪಸ್ ಹಾಕಲಿಲ್ಲ. ನನ್ನ ಪುಸ್ತಕದಲ್ಲಿ, ಆ ಪುಟದಲ್ಲೇ ಇದೆ.