ಒಂದೇ ಕೋಣೆಯ ಶಾಲೆಯ ಚರಿತ್ರೆ ಬರೆದ ನನ್ನ ಅನುಭವ

ನಮ್ಮದು ಸಾಗರ ತಾಲ್ಲೂಕಿನ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ. ಬಹಳ ಕಾಲ ಒಂದೇ ಕೋಣೆ, ಒಬ್ಬರೇ ಮೇಷ್ಟ್ರು. ನಾನು ಅಲ್ಲಿ ಟೀಚರ್ ಆಗಿದ್ದಾಗ ಎಸ್‌ಡಿಎಂಸಿಯವರು (ಶಾಲಾ ಅಭಿವೃದ್ಧಿ ಸಮಿತಿಯವರು), "ಶಾಲೆ ಚರಿತ್ರೆ ಬರೆದುಕೊಡಿ ಮೇಡಂ, ಸ್ಮರಣ ಸಂಚಿಕೆಗೆ ಬೇಕು" ಅಂದರು. ಅವರ ಮನಸ್ಸಿನಲ್ಲಿದ್ದದ್ದು ದಾನಿಗಳ ಪಟ್ಟಿ, ಗಣ್ಯರ ಫೋಟೊ. ನನಗೆ ಬೇಕಿದ್ದದ್ದು ಅಲ್ಲಿ ಓದಿದ ಮಕ್ಕಳ ಕಥೆ. ಅದು ಸಿಕ್ಕಿದ್ದು ದಾಖಲಾತಿ ಪುಸ್ತಕದಲ್ಲಿ.

ಗೋಡೆಯಲ್ಲಿರುವ ಕಲ್ಲನ್ನು ನಂಬಿ ಶುರು ಮಾಡಬೇಡಿ. ಅದು ಕೋಣೆ ಕಟ್ಟಿದ ವರ್ಷ ಹೇಳುತ್ತದೆ ಅಷ್ಟೆ. ಮಲೆನಾಡಿನ ಎಷ್ಟೋ ಶಾಲೆಗಳು ಮೊದಲು ದೇವಸ್ಥಾನದಲ್ಲೋ ಯಾರದೋ ಮನೆಯ ಜಗಲಿಯಲ್ಲೋ ನಡೆದಿವೆ. ನಮ್ಮ ಪುಸ್ತಕದ ಮೊದಲ ಹೆಸರು ಕಲ್ಲಿನ ಇಸವಿಗಿಂತ ಹಳೆಯದು. ಮೈಸೂರು ಸಂಸ್ಥಾನ ಕಡ್ಡಾಯ ಶಿಕ್ಷಣದ ಕಾಯ್ದೆ ತಂದಿದ್ದು 1913ರಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ. ಆದರೂ ನಮ್ಮಲ್ಲಿ ಪುಟ ತಿರುವಿದಷ್ಟೂ ಹುಡುಗರದೇ ಹೆಸರು. ಹುಡುಗಿಯರು ಬರುವುದಕ್ಕೆ ತುಂಬ ತಡವಾಗಿದೆ.

ಪುಸ್ತಕವನ್ನು ಶಾಲೆಯಿಂದ ಹೊರಗೆ ಒಯ್ಯಲಿಲ್ಲ. ಮೊಬೈಲಿನಲ್ಲಿ ಪ್ರತಿ ಪುಟದ ಫೋಟೊ ತೆಗೆದುಕೊಂಡೆ. ಆಮೇಲೆ ಒಂದು ನೋಟ್‌ಬುಕ್ಕಿನಲ್ಲಿ ವರ್ಷವಾರು ಮನೆ ಕಸುಬು, ಹಿಂದೆ ಓದಿದ ಶಾಲೆ, ಬಿಟ್ಟ ತರಗತಿ, ಬಿಟ್ಟ ಕಾರಣ ಇಷ್ಟನ್ನು ಬರೆದುಕೊಂಡೆ. ಹುಟ್ಟಿದ ದಿನಾಂಕವನ್ನು ಲೆಕ್ಕಕ್ಕೆ ಹಿಡಿಯಲೇ ಇಲ್ಲ. ಅರ್ಧ ಊರೇ ಜೂನ್ 1ರಂದು ಹುಟ್ಟಿದೆ! ಅಪ್ಪನಿಗೆ ತಾರೀಖು ಗೊತ್ತಿರುತ್ತಿರಲಿಲ್ಲ, ಶಾಲೆ ಶುರುವಾಗುವುದು ಜೂನ್‌ನಲ್ಲಿ, ಮೇಷ್ಟ್ರು ಅದನ್ನೇ ಬರೆದುಬಿಡುತ್ತಿದ್ದರು.

ನನ್ನನ್ನು ಜಾಸ್ತಿ ಹೊತ್ತು ಹಿಡಿದಿಟ್ಟದ್ದು ‘ಹಿಂದೆ ಓದಿದ ಶಾಲೆ’ ಅನ್ನುವ ಕಾಲಂ. ಲಿಂಗನಮಕ್ಕಿ ಅಣೆಕಟ್ಟು ಮುಗಿದಿದ್ದು 1964ರಲ್ಲಿ. ಅದರ ಆಸುಪಾಸಿನ ಪುಟಗಳಲ್ಲಿ ಎರಡನೇ, ಮೂರನೇ ತರಗತಿಗೆ ಬಂದು ಸೇರಿದ ಮಕ್ಕಳು ಒಮ್ಮೆಲೇ ಜಾಸ್ತಿಯಾಗುತ್ತಾರೆ. ಅವರು ಬಿಟ್ಟು ಬಂದ ಶಾಲೆಗಳು ಈಗ ಶರಾವತಿ ಹಿನ್ನೀರಿನ ಅಡಿಯಲ್ಲಿವೆ. ಕೆಲವರು ಎರಡೇ ವರ್ಷದಲ್ಲಿ ಮತ್ತೆ ಟಿಸಿ ತೆಗೆದುಕೊಂಡಿದ್ದಾರೆ. ಕಾರಣ, ‘ಊರು ಬಿಟ್ಟಿದ್ದು’. ಮುಳುಗಡೆ ಅಂದರೆ ನಮಗೆ ಎಕರೆ, ಪರಿಹಾರದ ಲೆಕ್ಕ ಮಾತ್ರ ನೆನಪಾಗುತ್ತದೆ, ಅಲ್ವಾ? ಒಂದು ಮಗು ಎಷ್ಟು ಸಲ ಶಾಲೆ ಬದಲಿಸಿತು ಅನ್ನುವುದು ಇಂಥ ಪುಸ್ತಕ ತೆರೆದರಷ್ಟೇ ಕಾಣುತ್ತದೆ.

ಈ ಪುಟಗಳನ್ನು ಇಟ್ಟುಕೊಂಡೇ ಹಿರಿಯರ ಹತ್ತಿರ ಹೋದೆ. "ನಿಮ್ಮ ಕಾಲದ ಶಾಲೆ ಹೇಗಿತ್ತು?" ಅಂತ ಕೇಳಿದರೆ ಎಲ್ಲರೂ ಮೇಷ್ಟ್ರ ಬೆತ್ತದ ಕಥೆಯನ್ನೇ ಹೇಳುತ್ತಾರೆ. "ನಿಮ್ಮ ಜೊತೆ ಸೇರಿದ ಇವರು ಯಾರು ಅಜ್ಜ?" ಅಂತ ಹೆಸರು ಓದಿದರೆ ಮಾತು ಬೇರೆಯೇ ದಾರಿ ಹಿಡಿಯುತ್ತದೆ. ನಾಲ್ಕು ತರಗತಿ ನಾಲ್ಕು ಗೋಡೆಗೆ ಮುಖ ಮಾಡಿ ಕೂರುತ್ತಿದ್ದರಂತೆ. ಒಂದು ಗುಂಪಿಗೆ ಪಾಠ, ಒಂದಕ್ಕೆ ಕಾಪಿ ಬರೆಯುವುದು, ಇನ್ನೊಂದಕ್ಕೆ ಲೆಕ್ಕ. ಚಿಕ್ಕವರಿಗೆ ಮಗ್ಗಿ ಹೇಳಿಕೊಡುವುದು ನಾಲ್ಕನೇ ತರಗತಿಯವರ ಕೆಲಸ. ಸರ್ಕಾರಿ ಶಾಲೆಗಳ ನಲಿ-ಕಲಿ ಅನ್ನುವ ಚಟುವಟಿಕೆ ಪದ್ಧತಿಯಲ್ಲಿ ಒಂದರಿಂದ ಮೂರನೇ ತರಗತಿಯನ್ನು ಒಟ್ಟಿಗೆ ಕೂರಿಸಿ ಕಲಿಸಿದ ನನಗೆ ಇದು ಹೊಸದು ಅನ್ನಿಸಲಿಲ್ಲ. ಆಗ ನಲಿ-ಕಲಿಯ ಕಲಿಕಾ ಕಾರ್ಡು, ಗುಂಪಿನ ತಟ್ಟೆ, ಕಲಿಕೆಯ ಮೆಟ್ಟಿಲು ತೋರಿಸುವ ಏಣಿ ಇರಲಿಲ್ಲ ಅನ್ನುವುದೊಂದೇ ವ್ಯತ್ಯಾಸ.

ಕಟ್ಟಡ, ಸಾಮಾನುಗಳ ವಿಷಯಕ್ಕೆ ಚಾರ್ಜ್ ಲಿಸ್ಟ್ ಸಾಕಾಯಿತು. ಮೇಷ್ಟ್ರು ವರ್ಗವಾದಾಗಲೆಲ್ಲ ಗಂಟೆ, ಕುರ್ಚಿ, ನಕ್ಷೆಗಳನ್ನು ಪಟ್ಟಿ ಮಾಡಿ ಸಹಿ ಹಾಕಿಕೊಟ್ಟಿರುತ್ತಾರೆ. 1987ರಲ್ಲಿ ಶುರುವಾದ ಆಪರೇಷನ್ ಬ್ಲ್ಯಾಕ್‌ಬೋರ್ಡ್ ಯೋಜನೆಯಲ್ಲಿ ಪ್ರತಿ ಶಾಲೆಗೆ ಕನಿಷ್ಠ ಎರಡು ಕೋಣೆ, ಇಬ್ಬರು ಶಿಕ್ಷಕರು ಅಂತಿತ್ತು. ನಮಗೆ ಮೊದಲು ಬಂದದ್ದು ಬೋಧನೋಪಕರಣದ ಪೆಟ್ಟಿಗೆ.

ದಾಖಲಾತಿ ಪುಸ್ತಕದಲ್ಲಿ ಜಾತಿಯ ಕಾಲಂ ಇರುತ್ತದೆ. ಯಾವ ಕೇರಿಯ ಮಕ್ಕಳು ಯಾವಾಗ ಬಂದರು, ಯಾರು ಬೇಗ ಬಿಟ್ಟರು ಅನ್ನುವುದು ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಅದನ್ನು ಬಿಟ್ಟು ಬರೆದರೆ ಚರಿತ್ರೆ ಸುಳ್ಳಾಗುತ್ತದೆ. ಹೆಸರಿನ ಜೊತೆ ಅಚ್ಚು ಹಾಕಿದರೆ ಇಂದಿನವರಿಗೆ ಮುಜುಗರ. ಅದಕ್ಕೇ ಒಟ್ಟು ಸಂಖ್ಯೆ ಮಾತ್ರ ಕೊಟ್ಟೆ. ಸಮಿತಿಯ ಕೆಲವರು ಅದೂ ಬೇಡ ಅಂದರು. ನಾನು ಒಪ್ಪಲಿಲ್ಲ, ಆ ಪುಟ ಸಂಚಿಕೆಯಲ್ಲಿ ಉಳಿಯಿತು.